ಆಟವು ಕಾಯಕವಾಗಬಲ್ಲುದೆ?

ಮಾನವನಿಗೆ ಕಾಯವು ದೊರೆತುದು ಏತಕ್ಕಾಗಿ ಎಂಬ ಪ್ರಶ್ನೆಯು ಬಹು ಪುರಾತನವಾದುದು. ಕಾಯವನ್ನು ದಂಡಿಸಿ ಒಣಗಿಸಬೇಕೆಂದವರುಂಟು. ಕಾಯವನ್ನು ಲಾಲಿಸಿ ಸುಖಿಸಬೇಕೆಂದವರೂ ಉಂಟು. ಶರಣರು ಈ ಎರಡು ದಾರಿಗಳನ್ನೂ ಹಿಡಿಯಲಿಲ್ಲ. ಕಾಯವು ಪ್ರಸಾದ, ಅದು ದುಡಿಯಬೇಕು, ದುಡಿದುದನ್ನು ನೀಡಬೇಕು, ನೀಡಿದೆನೆಂಬ ಹಮ್ಮನ್ನೂ ಬಿಡಬೇಕು ಎಂಬುದು ಅವರ ನಿಲುವು. ಇದನ್ನು ನಾವೆಲ್ಲರೂ ಕೇಳಿ ಬಲ್ಲೆವು. ಪ್ರವಚನಗಳಲ್ಲಿ ಕುಳಿತು ತಲೆದೂಗಿಯೂ ಇದ್ದೇವೆ. ಆದರೆ ಮನೆಗೆ ಮರಳಿದ ಮೇಲೆ, ಹನ್ನೆರಡು ವರುಷದ ಮಗಳು ಸಂಜೆಯ ಹೊತ್ತು ಬಯಲಿಗೆ ಓಡಿದಳೆಂದರೆ, ಆಟದಿಂದ ಹೊಟ್ಟೆ ತುಂಬುವುದೇ ಎಂದು ಗದರಿಸುತ್ತೇವೆ. ಪುಸ್ತಕ ಹಿಡಿದ ಕೈ ಕಾಯಕದ ಕೈ, ಚೆಂಡು ಹಿಡಿದ ಕೈ ವ್ಯಸನದ ಕೈ ಎಂದು ನಮ್ಮೊಳಗೆ ಒಂದು ತೀರ್ಮಾನವು ಹೇಗೋ ಬೇರೂರಿಬಿಟ್ಟಿದೆ. ಈ ತೀರ್ಮಾನವು ಸರಿಯೇ ಎಂಬುದನ್ನು ಇಲ್ಲಿ ವಿಚಾರಿಸಬೇಕೆಂದಿದ್ದೇನೆ. ಇದು ಕೇವಲ ಜಿಜ್ಞಾಸೆಯಲ್ಲ. ಇದರ ಹಿಂದೆ ನನ್ನದೊಂದು ತಪ್ಪೂ ಇದೆ. ಅದನ್ನು ಮೊದಲು ನಿವೇದಿಸಿಕೊಂಡು ಮುಂದುವರಿಯುವುದು ಲೇಸು.

ನಾನು ಶಿಕ್ಷಕವೃತ್ತಿಯಲ್ಲಿ ಬಹುಕಾಲ ಕಳೆದವನು. ನೊಳಂಬರೂ ಪಾಂಡ್ಯರೂ ಆಳಿದ ಉಚ್ಚಂಗಿದುರ್ಗದ ಬೆಟ್ಟವನ್ನು ವಾಚಕರಲ್ಲಿ ಹಲವರು ಕಂಡಿರಬಹುದು. ಭರತ ಹುಣ್ಣಿಮೆಯಂದು ಉಚ್ಚಂಗಮ್ಮನ ದರ್ಶನಕ್ಕೆಂದು ಸಾವಿರಾರು ಜನರು ಮೆಟ್ಟಿಲುಗಳನ್ನೇರುತ್ತಾರೆ. ನಡುವೆ ನಿಂತು ನಿಂತು ಉಸಿರು ತಿರುಗಿಸಿಕೊಳ್ಳುತ್ತಾರೆ. ಅಂಥ ಬೆಟ್ಟವನ್ನು ಎಲ್ಲಿಯೂ ನಿಲ್ಲದೆ ಓಡಿಯೇ ಏರುತ್ತಿದ್ದ ಒಬ್ಬ ಬಾಲಕಿಯು ನನ್ನ ಶಾಲೆಯಲ್ಲಿ ಓದುತ್ತಿದ್ದಳು. ತಂದೆ ಮೆಕ್ಕೆಜೋಳ ಬೆಳೆಯುವ ಸಾಧಾರಣ ಒಕ್ಕಲಿಗ. ಓದಿನಲ್ಲಿಯೂ ಹುಡುಗಿ ಚುರುಕು. ಹತ್ತನೆಯ ತರಗತಿ ಮುಗಿದಾಗ ತಂದೆಯು ನನ್ನಲ್ಲಿಗೆ ಬಂದು, ಮುಂದೇನು ಮಾಡಿಸಲಿ ಎಂದು ಕೇಳಿದನು. ನಾನು ಒಂದು ಕ್ಷಣವೂ ಯೋಚಿಸದೆ, ಓಟವನ್ನು ಬಿಡಿಸು, ಡಾಕ್ಟರಿಕೆ ಓದಿಸು, ಎರಡು ದೋಣಿಯಲ್ಲಿ ಕಾಲಿಟ್ಟವರು ದಡ ಸೇರುವುದಿಲ್ಲ ಎಂದೆನು. ಗುರುಗಳ ಮಾತೆಂದು ಅವರು ನಡೆದುಕೊಂಡರು. ಹುಡುಗಿ ಓಟವನ್ನು ಬಿಟ್ಟಳು. ಎರಡು ವರುಷ ದಾವಣಗೆರೆಯಲ್ಲಿ ಕೋಣೆ ಹಿಡಿದು ಓದಿದಳು. ಪ್ರವೇಶ ಪರೀಕ್ಷೆಯಲ್ಲಿ ಬೇಕಾದಷ್ಟು ಅಂಕಗಳು ಬರಲಿಲ್ಲ. ಬಹುದಿನಗಳ ಮೇಲೆ ಸಂತೆಯಲ್ಲಿ ಆ ತಂದೆ ಸಿಕ್ಕಾಗ ನನ್ನನ್ನು ಒಂದು ಮಾತೂ ಅನ್ನಲಿಲ್ಲ. “ಆಕಿ ಈಗ ಗುಡ್ಡಾನೂ ಹತ್ತಲ್ಲ ಮೇಷ್ಟ್ರೇ” ಎಂದಷ್ಟೇ ಹೇಳಿ ಚೀಲವನ್ನು ಹೆಗಲಿಗೇರಿಸಿಕೊಂಡು ಹೋದನು. ಆ ಮಾತು ಇಂದಿಗೂ ನನ್ನನ್ನು ಬಿಟ್ಟಿಲ್ಲ. ನಾನು ಆ ಬಾಲಕಿಯಿಂದ ಕಿತ್ತುಕೊಂಡುದು ಆಟವನ್ನೋ, ಕಾಯಕವನ್ನೋ?

ಶರಣರ ಚರಿತ್ರೆಯನ್ನು ಈ ದೃಷ್ಟಿಯಿಂದ ನೋಡಿದಾಗ ಮೊದಲು ಕಾಣುವುದು ಅವರ ಔದಾರ್ಯ. ಹಗ್ಗ ಹೊಸೆದ ಚಂದಯ್ಯ, ದೋಣಿ ನಡೆಸಿದ ಚೌಡಯ್ಯ, ಬಟ್ಟೆ ನೇಯ್ದ ದಾಸಿಮಯ್ಯ ಇವರನ್ನು ನಾವು ಪದೇ ಪದೇ ನೆನೆಯುತ್ತೇವೆ. ಆದರೆ ಅದೇ ಗಣದಲ್ಲಿ ವೇಷ ಕಟ್ಟಿ ಜನರನ್ನು ರಂಜಿಸಿದ ಬಹುರೂಪಿ ಚೌಡಯ್ಯನೂ ಇದ್ದಾನೆ. ನಗಿಸುವುದನ್ನೇ ಕಾಯಕವಾಗಿ ಕೈಕೊಂಡ ನಗೆಯ ಮಾರಿತಂದೆಯೂ ಇದ್ದಾನೆ. ಇವರ ದುಡಿಮೆಯಿಂದ ಒಂದು ಸೇರು ಜೋಳವೂ ಬೆಳೆಯಲಿಲ್ಲ, ಒಂದು ಮೊಳ ಬಟ್ಟೆಯೂ ಸಿದ್ಧವಾಗಲಿಲ್ಲ. ಹಾಗಿದ್ದರೂ ಅನುಭವಮಂಟಪವು ಅವರನ್ನು ಹೊರಗೆ ನಿಲ್ಲಿಸಲಿಲ್ಲ. ಇನ್ನೊಂದು ಕಡೆ ರೋಗಿಗಳನ್ನು ಉಪಚರಿಸುವ ಕಾಯಕದ ವೈದ್ಯ ಸಂಗಣ್ಣನಿದ್ದಾನೆ. ಆತನು ದೇಹದ ರೋಗವನ್ನು ಬಲ್ಲವನಾದುದರಿಂದಲೇ ಭವರೋಗದ ವಿಚಾರವನ್ನೂ ವೈದ್ಯನ ಮಾತಿನಲ್ಲಿಯೇ ಹೇಳಿದನು. ಆದುದರಿಂದ ವೈದ್ಯವು ಮೇಲು, ರಂಜನೆಯು ಕೀಳು ಎಂಬ ಶ್ರೇಣಿಯು ಶರಣರದಲ್ಲ. ಕೆಲಸದ ಜಾತಿಯನ್ನು ಅವರು ಕೇಳಲಿಲ್ಲ. ಕೆಲಸ ಮಾಡುವವನ ಶುದ್ಧಿಯನ್ನು ಕೇಳಿದರು.

ಇಷ್ಟನ್ನು ಒಪ್ಪಿದರೂ ಒಂದು ಸಂದೇಹವು ಉಳಿಯುತ್ತದೆ. ನಗೆಯ ಮಾರಿತಂದೆಯು ನಗಿಸಿದುದು ಪರರನ್ನು. ಆದರೆ ಪಂದ್ಯದಲ್ಲಿ ಓಡುವವನು ತಾನು ಗೆಲ್ಲಲೆಂದು ಓಡುತ್ತಾನೆ. ಒಬ್ಬನು ಗೆದ್ದಲ್ಲಿ ಉಳಿದವರು ಸೋಲಬೇಕು. ಇಂಥದರಲ್ಲಿ ದಾಸೋಹಕ್ಕೆ ಎಡೆಯೆಲ್ಲಿ? ಈ ಸಂದೇಹಕ್ಕೆ ತರ್ಕದಿಂದ ಉತ್ತರ ಕೊಡುವುದಕ್ಕಿಂತ ಒಂದು ಜೀವನವನ್ನು ಎದುರಿಗಿಟ್ಟುಕೊಂಡು ನೋಡುವುದು ಮೇಲು. ಆಟ ಮತ್ತು ವೈದ್ಯ ಇವೆರಡೂ ಒಂದೇ ಕಾಯದಲ್ಲಿ ಕೂಡಿದ ಜೀವನವೊಂದನ್ನು ನಾನು ಓದಿ ತಿಳಿದಿದ್ದೇನೆ. ಅದು ದೂರದೇಶದ್ದು, ಅದರ ಆಟವೂ ನಮಗೆ ಅಪರಿಚಿತವಾದ ಹಿಮದ ಆಟ. ವರುಷಕ್ಕೊಮ್ಮೆ ಬೀಳುವ ಆಲಿಕಲ್ಲಿನ ಹೊರತು ನಮ್ಮ ಸೀಮೆಯವರಿಗೆ ಆಕಾಶದಿಂದ ಬಿದ್ದ ಹಿಮದ ಪರಿಚಯವಿಲ್ಲ. ಕನ್ನಡನಾಡಿಗೂ ಈ ಆಟಗಳು ಹೊಸತು. ಉದ್ದನೆಯ ಪಟ್ಟಿಗಳನ್ನು ಕಾಲಿಗೆ ಕಟ್ಟಿಕೊಂಡು ಹಿಮದ ಮೇಲೆ ದೂರದಾರಿಯನ್ನು ಕ್ರಮಿಸುವ ಸ್ಕೀಯಿಂಗ್ ಸ್ಪರ್ಧೆಯಲ್ಲಿ ಕೊಡಗಿನ ಭವಾನಿ ತೆಕ್ಕಡ ನಂಜುಂಡ ಅವರು ಭಾರತದ ಪರವಾಗಿ ನಿಂತುದು ಈಚಿನ ಸಂಗತಿ. ನಾನು ಹೇಳಹೊರಟಿರುವುದು ಅದಕ್ಕಿಂತ ಬಹು ಹಿಂದಿನ ಕಥೆ.

ಅಮೆರಿಕಾ ದೇಶದ ಬಾಸ್ಟನ್ ನಗರದ ಬಳಿ ನ್ಯೂಟನ್ ಎಂಬ ಊರು. ಅಲ್ಲಿ 1935ರಲ್ಲಿ ಟೆನ್ಲಿ ಆಲ್‌ಬ್ರೈಟ್ ಎಂಬ ಹೆಣ್ಣುಮಗು ಹುಟ್ಟಿತು. ತಂದೆಯು ಶಸ್ತ್ರವೈದ್ಯರು. ಅಲ್ಲಿಯ ಚಳಿಗಾಲವು ಎಂಥದೆಂದರೆ, ಹಿತ್ತಲಿಗೆ ನೀರು ಹಾಯಿಸಿ ಬಿಟ್ಟರೆ ಅದು ಗಟ್ಟಿಯಾಗಿ ಕಲ್ಲಿನ ನೆಲದಂತಾಗುತ್ತದೆ. ತಂದೆಯು ಮಗಳಿಗಾಗಿ ಹೀಗೆಯೇ ಹಿತ್ತಲಿನಲ್ಲಿ ಮಂಜುಗಡ್ಡೆಯ ಕಣವನ್ನು ಮಾಡಿಕೊಟ್ಟರು. ಪಾದರಕ್ಷೆಯ ಅಡಿಗೆ ಕಿರಿದಾದ ಉಕ್ಕಿನ ಅಲಗನ್ನು ಕೂಡಿಸಿಕೊಂಡು ಆ ಕಣದ ಮೇಲೆ ಜಾರುವುದೇ ಸ್ಕೇಟಿಂಗ್ ಎಂಬ ಆಟ. ಮಗುವು ಅದರಲ್ಲಿ ಮನಸ್ಸಿಟ್ಟಿತು.

1946ರಲ್ಲಿ, ಹನ್ನೊಂದನೆಯ ವಯಸ್ಸಿನಲ್ಲಿ, ಆ ಬಾಲೆಗೆ ಪೋಲಿಯೋ ತಗುಲಿತು. ಈ ರೋಗವು ಎಂಥದೆಂದು ನಮ್ಮ ಹಳ್ಳಿಗಳ ಹಿರಿಯರಿಗೆ ಹೇಳಬೇಕಾದುದಿಲ್ಲ. ರಾತ್ರಿ ಜ್ವರದಲ್ಲಿ ಮಲಗಿದ ಮಗುವು ಬೆಳಗಿಗೆ ಕಾಲೆತ್ತಲಾರದೆ ಹೋದುದನ್ನು ಕಂಡವರು ನಮ್ಮ ನಡುವೆ ಇನ್ನೂ ಇದ್ದಾರೆ. ರೋಗಾಣುವು ಬೆನ್ನುಹುರಿಯ ನರಕೋಶಗಳನ್ನು ಕೆಡಿಸುತ್ತದೆ. ಆ ನರಗಳು ನಡೆಸುವ ಸ್ನಾಯುಗಳು ಸೋಲುತ್ತವೆ. ಜೋನಾಸ್ ಸಾಲ್ಕ್ ಅವರ ಲಸಿಕೆಯು ಫಲಕಾರಿಯೆಂದು ಸಾರಲ್ಪಟ್ಟುದು 1955ರ ಏಪ್ರಿಲ್ 12ರಂದು. ಭಾರತದಲ್ಲಿ ಕಾಡು ಪೋಲಿಯೋದ ಕಡೆಯ ಪ್ರಕರಣವು ಕಂಡುದು 2011ರ ಜನವರಿಯಲ್ಲಿ; ದೇಶವು ಅದರಿಂದ ಮುಕ್ತವಾಯಿತೆಂಬ ಪ್ರಮಾಣಪತ್ರವು ದೊರೆತುದು 2014ರ ಮಾರ್ಚಿಯಲ್ಲಿ. ಆದರೆ 1946ರಲ್ಲಿ ತಡೆಯುವ ಲಸಿಕೆಯಿರಲಿಲ್ಲ, ಗುಣಪಡಿಸುವ ಮದ್ದೂ ಇರಲಿಲ್ಲ. ದೈವಕೃಪೆಯಿಂದ ಟೆನ್ಲಿಯ ಕಾಲುಗಳು ಪೂರ್ಣವಾಗಿ ಸೋಲಲಿಲ್ಲ. ಬೆನ್ನಿನ ಸ್ನಾಯುಗಳು ದುರ್ಬಲವಾಗಿದ್ದವು. ಆಸ್ಪತ್ರೆಯಿಂದ ಹೊರಬಂದ ಮೇಲೆ, ಸ್ನಾಯುಗಳಿಗೆ ಬಲ ಬರಬೇಕಾದರೆ ಮಂಜುಗಡ್ಡೆಯ ಮೇಲಿನ ಆ ಆಟವನ್ನೇ ಮುಂದುವರಿಸಲಿ ಎಂದು ವೈದ್ಯರು ಸೂಚಿಸಿದರು.

ಇಲ್ಲಿ ವಾಚಕರು ಒಂದು ಗಳಿಗೆ ನಿಲ್ಲಬೇಕು. ಯಾವುದನ್ನು ನಾವು ವಿನೋದವೆನ್ನುತ್ತೇವೆಯೋ ಅದು ಆ ಬಾಲೆಗೆ ಮದ್ದಾಯಿತು. ರೋಗಕ್ಕೆ ಮುಂಚೆ ಆಕೆಗೆ ಕಾಲುಗಳಿದ್ದವು. ಕಾಲಿದೆಯೆಂಬ ಅರಿವು ಇರಲಿಲ್ಲ. ಕಳೆದುಹೋಗಬಹುದಾಗಿದ್ದುದು ಮರಳಿ ಕೈಸೇರಿದಾಗ ಅದು ಗಳಿಕೆಯಲ್ಲ, ಕೊಡುಗೆ ಎಂಬ ತಿಳಿವು ಹುಟ್ಟುತ್ತದೆ. ಶರಣರು ಕಾಯವನ್ನು ಪ್ರಸಾದವೆಂದು ಕರೆದುದರ ತಿರುಳು ಇದೇ ಅಲ್ಲವೆ? ನಮಗೆ ದೊರೆತ ನಡಿಗೆ, ದೊರೆತ ಉಸಿರು, ದೊರೆತ ಕೈಚಳಕ ಯಾವುದೂ ನಮ್ಮ ಸ್ವಂತ ಸಂಪಾದನೆಯಲ್ಲ. ಇದನ್ನು ಗ್ರಂಥದಿಂದ ಅರಿಯುವುದು ಒಂದು ಬಗೆ. ಹಾಸಿಗೆಯ ಮೇಲೆ ಮಲಗಿ ಅರಿಯುವುದು ಇನ್ನೊಂದು ಬಗೆ.

ಆ ಕಾಲದ ಸ್ಕೇಟಿಂಗ್ ಸ್ಪರ್ಧೆಯಲ್ಲಿ ಕುಣಿತ ನೆಗೆತಗಳಿಗಿಂತ ಹೆಚ್ಚಿನ ಬೆಲೆಯು ಬೇರೊಂದಕ್ಕಿತ್ತು. ನಮ್ಮ ಹೆಣ್ಣುಮಕ್ಕಳು ಬೆಳಗಿನಲ್ಲಿ ಅಂಗಳಕ್ಕೆ ರಂಗವಲ್ಲಿ ಇಡುವುದಿಲ್ಲವೆ? ಹಾಗೆಯೇ ಸ್ಪರ್ಧಿಯು ಒಂಟಿಕಾಲಿನ ಅಲಗಿನಿಂದ ಮಂಜುಗಡ್ಡೆಯ ಮೇಲೆ ವೃತ್ತಗಳನ್ನೂ ಎಂಟರ ಆಕಾರದ ಗೆರೆಗಳನ್ನೂ ಕೊರೆಯಬೇಕು. ಒಮ್ಮೆ ಕೊರೆದರೆ ಸಾಲದು. ಅದೇ ಗೆರೆಯ ಮೇಲೆ, ಕೂದಲೆಳೆಯಷ್ಟೂ ಆಚೀಚೆ ಸರಿಯದಂತೆ, ಪ್ರತಿಯೊಂದು ಕಾಲಿನಿಂದಲೂ ಮೂರು ಮೂರು ಬಾರಿ ಸಾಗಬೇಕು. ತೀರ್ಪುಗಾರರು ಬಾಗಿ ನಿಂತು ಗೆರೆಯನ್ನು ಪರೀಕ್ಷಿಸುವರು. ಒಟ್ಟು ಅಂಕಗಳಲ್ಲಿ ನೂರಕ್ಕೆ ಅರುವತ್ತು ಈ ಗೆರೆಗಳಿಗೇ ಮೀಸಲಾಗಿದ್ದಿತು. ನೋಡಲು ಜನರು ನೆರೆಯುತ್ತಿರಲಿಲ್ಲ, ಚಪ್ಪಾಳೆಯೂ ಇರುತ್ತಿರಲಿಲ್ಲ. ಸ್ಪರ್ಧೆ ಮುಗಿದ ಮೇಲೆ ಮಂಜುಗಡ್ಡೆಯನ್ನು ಮತ್ತೆ ನಯಗೊಳಿಸಿದರೆ ಗೆರೆಯೆಲ್ಲ ಅಳಿದುಹೋಗುವುದು. ಅಳಿದುಹೋಗುವ ಗೆರೆಯೊಂದನ್ನು ತಪ್ಪಿಲ್ಲದಂತೆ ಎಳೆಯಲು ಆಕೆ ವರುಷಗಟ್ಟಲೆ ಶ್ರಮಿಸಿದಳು. ಕಾಲೇಜಿನಲ್ಲಿ ವೈದ್ಯಶಿಕ್ಷಣಕ್ಕೆ ಬೇಕಾದ ವಿಷಯಗಳನ್ನು ಓದುತ್ತಿದ್ದಾಗಲೂ ನಸುಕಿನಲ್ಲೆದ್ದು ಈ ಸಾಧನೆಯನ್ನು ನಡೆಸಿ ಅನಂತರ ತರಗತಿಗೆ ಹೋಗುತ್ತಿದ್ದಳು. ತೀರ್ಪುಗಾರನ ಹೊರತು ಯಾರೂ ನೋಡದ ಕೆಲಸವನ್ನು ಇಷ್ಟು ಶುದ್ಧವಾಗಿ ಮಾಡುವುದನ್ನು ಸತ್ಯಶುದ್ಧವೆನ್ನದೆ ಮತ್ತೇನೆನ್ನೋಣ?

ಈ ಸಾಧನೆಗೆ ಫಲವೂ ಬಂದಿತು. 1952ರಲ್ಲಿ ಓಸ್ಲೋ ನಗರದ ಚಳಿಗಾಲದ ಒಲಿಂಪಿಕ್ ಕೂಟದಲ್ಲಿ ಹದಿನಾರರ ಈ ಬಾಲೆಗೆ ಬೆಳ್ಳಿಯ ಪದಕ ದೊರೆಯಿತು. 1953ರಲ್ಲಿ ಆಕೆ ವಿಶ್ವವಿಜೇತೆಯಾದಳು. ಅಮೆರಿಕಾದ ಹೆಣ್ಣುಮಗಳೊಬ್ಬಳಿಗೆ ಆ ಪದವಿಯು ಬಂದುದು ಅದೇ ಮೊದಲು. 1954ರಲ್ಲಿ ಜಾರಿಬಿದ್ದು ಎರಡನೆಯವಳಾದಳು. 1955ರಲ್ಲಿ ಮತ್ತೆ ಗೆದ್ದಳು.

1956ರ ಒಲಿಂಪಿಕ್ ಕೂಟವು ಇಟಲಿಯ ಕೋರ್ತಿನಾ ಎಂಬ ಬೆಟ್ಟದೂರಿನಲ್ಲಿ ನಡೆಯಿತು. ಸ್ಪರ್ಧೆಗೆ ಸುಮಾರು ಎರಡು ವಾರವಿರುವಾಗ ಅಭ್ಯಾಸದ ಹೊತ್ತಿನಲ್ಲಿ ಮಂಜುಗಡ್ಡೆಯ ಬಿರುಕಿಗೆ ಅಲಗು ಸಿಕ್ಕಿ ಆಕೆ ಬಿದ್ದಳು. ಎಡಗಾಲಿನ ಅಲಗು ಬಲಗಾಲಿನ ಹರಡಿನ ಬಳಿ ಪಾದರಕ್ಷೆಯನ್ನು ಸೀಳಿ, ರಕ್ತನಾಳವನ್ನು ಕೊಯ್ದು, ಎಲುಬಿನವರೆಗೂ ಇಳಿಯಿತು. ತಂದೆಯು ಅಮೆರಿಕಾದಿಂದ ಧಾವಿಸಿ ಬಂದು ಮಗಳ ಗಾಯವನ್ನು ತಾವೇ ಉಪಚರಿಸಿದರು. ಗಾಯವು ಪೂರ್ತಿ ಮಾಯುವ ಮುನ್ನವೇ ಆಕೆ ಕಣಕ್ಕಿಳಿದಳು. ಫೆಬ್ರವರಿ 2ರಂದು ಫಲಿತಾಂಶವು ಹೊರಬಿದ್ದಾಗ ಹನ್ನೊಂದು ತೀರ್ಪುಗಾರರಲ್ಲಿ ಹತ್ತು ಮಂದಿ ಆಕೆಯನ್ನು ಮೊದಲನೆಯ ಸ್ಥಾನದಲ್ಲಿರಿಸಿದ್ದರು. ಈ ಆಟದಲ್ಲಿ ಒಲಿಂಪಿಕ್ ಚಿನ್ನವನ್ನು ಗೆದ್ದ ಅಮೆರಿಕಾದ ಮೊದಲ ಹೆಣ್ಣುಮಗಳು ಆಕೆ. ಆಗ ಆಕೆಗೆ ಇಪ್ಪತ್ತು ವರುಷ.

ಇಲ್ಲಿಗೆ ಕಥೆ ಮುಗಿದಿದ್ದರೆ ಅದನ್ನು ಈ ಪತ್ರಿಕೆಯಲ್ಲಿ ಬರೆಯುವ ಕಾರಣವಿರುತ್ತಿರಲಿಲ್ಲ. ಗೆದ್ದವರ ಕಥೆಗಳಿಗೆ ಲೋಕದಲ್ಲಿ ಬರವಿಲ್ಲ. ನೋಡಬೇಕಾದುದು ಮುಂದಿನ ಹೆಜ್ಜೆಯನ್ನು. ಒಲಿಂಪಿಕ್ ಮುಗಿದ ಕೆಲವೇ ದಿನಗಳಲ್ಲಿ ನಡೆದ ವಿಶ್ವಸ್ಪರ್ಧೆಯಲ್ಲಿ ಆಕೆ ಎರಡನೆಯ ಸ್ಥಾನಕ್ಕಿಳಿದಳು. ಬಳಿಕ ಸ್ವದೇಶದ ಸ್ಪರ್ಧೆಯಲ್ಲಿ ಅದೇ ಎದುರಾಳಿಯನ್ನು ಸೋಲಿಸಿ ಸತತವಾಗಿ ಐದನೆಯ ಬಾರಿ ರಾಷ್ಟ್ರವಿಜೇತೆಯಾದಳು. ಹಾಗಾಗಿ ಸೋತು ಬಿಟ್ಟಳೆನ್ನುವಂತಿಲ್ಲ. ಇನ್ನೂ ಗೆಲ್ಲುವ ವಯಸ್ಸಿತ್ತು. ಆಗಿನ ಕಾಲದಲ್ಲಿ ಪದಕ ಗೆದ್ದವರನ್ನು ಮಂಜಿನ ಮೇಲಿನ ಪ್ರದರ್ಶನಗಳು ಹೇರಳವಾದ ಹಣ ಕೊಟ್ಟು ಕರೆಯುತ್ತಿದ್ದವು. ಮೂರು ಬಾರಿ ಒಲಿಂಪಿಕ್ ಗೆದ್ದ ನಾರ್ವೆಯ ಸೋನ್ಯಾ ಹೆನಿ ಚಲಚಿತ್ರರಂಗಕ್ಕೆ ಹೋಗಿ ಅಪಾರ ಸಂಪತ್ತನ್ನು ಗಳಿಸಿದ್ದರು. ಆ ದಾರಿಯು ತೆರೆದೇ ಇದ್ದಿತು. ಟೆನ್ಲಿ ಅದನ್ನು ಹಿಡಿಯದೆ, ಸ್ಪರ್ಧೆಯನ್ನು ಅಲ್ಲಿಗೇ ನಿಲ್ಲಿಸಿ, 1957ರಲ್ಲಿ ಹಾರ್ವರ್ಡ್ ವೈದ್ಯಕೀಯ ಶಾಲೆಯನ್ನು ಸೇರಿದಳು. 1782ರಲ್ಲಿ ಸ್ಥಾಪಿತವಾದ ಆ ಶಾಲೆಯು ಹೆಣ್ಣುಮಕ್ಕಳಿಗೆ ಬಾಗಿಲು ತೆರೆದುದೇ 1945ರಲ್ಲಿ. ಅಕ್ಕಮಹಾದೇವಿಯನ್ನು ಎಂಟುನೂರು ವರುಷಗಳ ಹಿಂದೆಯೇ ಅನುಭವಿಗಳ ಸಭೆಯಲ್ಲಿ ಕೂಡಿಸಿಕೊಂಡ ನಾಡಿನವರಾದ ನಾವು ಇದನ್ನು ಕಂಡು ಬೀಗಬೇಕಾಗಿಲ್ಲ. ನಮ್ಮ ಮನೆಗಳಲ್ಲಿ ಆ ಬಾಗಿಲು ಎಷ್ಟು ತೆರೆದಿದೆಯೆಂದು ನೋಡಿಕೊಂಡರೆ ಸಾಕು.

ಆಯ್ದಕ್ಕಿ ಮಾರಯ್ಯ ಲಕ್ಕಮ್ಮ ದಂಪತಿಗಳ ಪ್ರಸಂಗವನ್ನು ಎಲ್ಲರೂ ಬಲ್ಲರು. ನೆಲಕ್ಕೆ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು ಅವರ ನೇಮ. ಒಂದು ದಿನ ಮಾರಯ್ಯನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ ಲಕ್ಕಮ್ಮನು ಅದನ್ನು ಒಪ್ಪಲಿಲ್ಲ. ಬೇಕಾದಷ್ಟನ್ನು ಇರಿಸಿಕೊಂಡು ಮಿಕ್ಕುದನ್ನು ಅಲ್ಲಿಯೇ ಸುರಿದು ಬಾ ಎಂದು ಗಂಡನನ್ನು ಹಿಂದಕ್ಕೆ ಕಳುಹಿದಳು. ಮಾರಯ್ಯನು ತಂದುದು ಕದ್ದ ಅಕ್ಕಿಯಲ್ಲ. ತನ್ನ ಕೈಯಿಂದಲೇ ಆಯ್ದುದು. ಆದರೂ ಅದು ಹೆಚ್ಚಾಯಿತು. ಅನ್ಯಾಯದಿಂದ ಬಂದುದನ್ನು ಬಿಡುವುದು ಸಾಮಾನ್ಯ ನೀತಿ. ನ್ಯಾಯವಾಗಿ ಬಂದುದರಲ್ಲಿಯೂ ಸಾಕೆಂಬ ಗೆರೆಯನ್ನೆಳೆಯುವುದು ಶರಣನೀತಿ. ಗೆಲುವಿನ ವಿಚಾರದಲ್ಲಿಯೂ ಇದೇ ಮಾತು. ಗೆಲುವು ಪಾಪವಲ್ಲ, ಗೆಲುವಿನ ರಾಶಿಯ ಮೇಲೆ ಕುಳಿತು ಇನ್ನಷ್ಟು ಮತ್ತಷ್ಟು ಎನ್ನುವುದು ಪಾಪ. ಲಕ್ಕಮ್ಮನು ಅಕ್ಕಿಯ ವಿಷಯದಲ್ಲಿ ಹೇಳಿದ ಸಾಕೆಂಬ ಮಾತನ್ನು, ಅವಳ ಹೆಸರನ್ನೇ ಅರಿಯದ ಒಬ್ಬ ತರುಣಿಯು ಪದಕದ ವಿಷಯದಲ್ಲಿ ನಡೆದು ತೋರಿಸಿದಳು.

1961ರಲ್ಲಿ ಟೆನ್ಲಿ ಆಲ್‌ಬ್ರೈಟ್ ಅವರು ವೈದ್ಯಪದವಿಯನ್ನು ಪಡೆದರು. ಅದೇ ವರುಷ ಒಂದು ಘೋರವಾದ ಸಂಗತಿ ನಡೆಯಿತು. ಫೆಬ್ರವರಿ 15ರಂದು ಪ್ರಾಗ್ ನಗರದ ವಿಶ್ವಸ್ಪರ್ಧೆಗೆಂದು ಹೊರಟಿದ್ದ ಅಮೆರಿಕಾದ ಸ್ಕೇಟಿಂಗ್ ತಂಡದ ವಿಮಾನವು ಬ್ರಸೆಲ್ಸ್ ಬಳಿ ಬಿದ್ದು, ಅದರಲ್ಲಿದ್ದ 72 ಮಂದಿಯೂ ಮಡಿದರು. ತಂಡದ 18 ಆಟಗಾರರಲ್ಲಿ ಒಬ್ಬರೂ ಉಳಿಯಲಿಲ್ಲ. ಆಲ್‌ಬ್ರೈಟ್ ಅವರನ್ನು ಚಿನ್ನದವರೆಗೆ ನಡೆಸಿದ ಗುರು ಮ್ಯಾರಿಬೆಲ್ ವಿನ್ಸನ್ ಓವೆನ್ ಅವರೂ ಅವರ ಇಬ್ಬರು ಹೆಣ್ಣುಮಕ್ಕಳೂ ಆ ವಿಮಾನದಲ್ಲಿಯೇ ಇದ್ದರು. ಕಲಿಸಿದ ಗುರುವೂ ಇಲ್ಲ. ಕಲಿಯುತ್ತಿದ್ದ ಕಿರಿಯರೂ ಇಲ್ಲ. ಮಂಜುಗಡ್ಡೆಯ ಮೇಲಿನ ಗೆರೆಯಂತೆ ಒಂದು ಇಡೀ ಪೀಳಿಗೆಯು ಅಳಿದುಹೋಯಿತು. ಕಾಯವು ನೀರಗುಳ್ಳೆಯೆಂದು ನಾವು ಬಾಯಿಮಾತಿಗೆ ಹೇಳುತ್ತೇವೆ. ಅಂಥ ವರುಷದಲ್ಲಿ ಪರರ ಕಾಯವನ್ನು ಕಾಪಾಡುವ ವ್ರತವನ್ನು ಹಿಡಿದವರಿಗೆ ಅದರ ಅರ್ಥವು ಎಷ್ಟು ಆಳಕ್ಕೆ ಇಳಿದಿರಬೇಕು!

ಶಸ್ತ್ರವೈದ್ಯೆಯಾಗಿ ಅವರು 23 ವರುಷಗಳ ಕಾಲ ದುಡಿದರು; ತಾವು ಓದಿದ ಶಾಲೆಯಲ್ಲಿಯೇ ಬೋಧಿಸಿದರು. 1976ರ ಚಳಿಗಾಲದ ಒಲಿಂಪಿಕ್ ಕೂಟಕ್ಕೆ ಅಮೆರಿಕಾದ ತಂಡದ ವೈದ್ಯೆಯಾಗಿ ಹೋದರು. ಪದಕ ಕೊರಳಿಗೇರಿದ ಇಪ್ಪತ್ತು ವರುಷಗಳ ಮೇಲೆ, ಪರರ ಗಾಯವನ್ನು ಕಟ್ಟುವವರಾಗಿ ಅದೇ ಕೂಟಕ್ಕೆ ಮರಳಿದರು. ಒಮ್ಮೆ ತಮ್ಮ ಕಾಲನ್ನು ಕೊಯ್ದುದೂ ಅಲಗು. ಮುಂದೆ ತಾವು ಕೈಯಲ್ಲಿ ಹಿಡಿದುದೂ ಅಲಗು. ಅಲಗಿಗೆ ತನ್ನದೆಂಬ ಗುಣವಿಲ್ಲ. ಹಿಡಿದವರ ಭಾವವೇ ಅದರ ಗುಣ. ನಸುಕಿನಲ್ಲೆದ್ದು ತಪ್ಪದ ಗೆರೆಯನ್ನು ಎಳೆದು ಎಳೆದು ಗಳಿಸಿದ ತಾಳ್ಮೆಯು ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿ ವ್ಯರ್ಥವಾಗಿರಲಾರದು.

ಈ ಬಗೆಯ ಜೀವನವು ಇದೊಂದೇ ಅಲ್ಲ. ಅದೇ ದೇಶದ ಎರಿಕ್ ಹೈಡನ್ ಎಂಬವರು 1980ರ ಚಳಿಗಾಲದ ಒಲಿಂಪಿಕ್ ಕೂಟದಲ್ಲಿ, 500 ಮೀಟರಿನಿಂದ ಹಿಡಿದು 10,000 ಮೀಟರಿನವರೆಗಿನ ಐದು ವೇಗದ ಸ್ಕೇಟಿಂಗ್ ಓಟಗಳಲ್ಲಿ ಐದನ್ನೂ ಗೆದ್ದರು. ಇವರ ತಂದೆಯೂ ಎಲುಬಿನ ವೈದ್ಯರು. ಆ ಮಗನೂ ಮುಂದೆ 1991ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಿಂದ ವೈದ್ಯಪದವಿಯನ್ನು ಪಡೆದು ಎಲುಬಿನ ಶಸ್ತ್ರವೈದ್ಯರಾದರು. ಸ್ಕೇಟಿಂಗ್ ತಂಡದ ವೈದ್ಯರಾಗಿಯೂ ಸೇವೆ ಸಲ್ಲಿಸಿದರು. 2009ರ ಸೆಪ್ಟೆಂಬರಿನ ಆಯ್ಕೆಸ್ಪರ್ಧೆಯಲ್ಲಿ ಜೆ. ಆರ್. ಸೆಲ್ಸ್ಕಿ ಎಂಬ ತರುಣನ ತೊಡೆಯನ್ನು ಅವನ ಅಲಗೇ ಆಳವಾಗಿ ಕೊಯ್ದಿತು. ಆ ತರುಣನ ಆರೈಕೆಗೆ ನಿಂತವರಲ್ಲಿ ಹೈಡನ್ ಅವರೂ ಒಬ್ಬರು. ಐದು ತಿಂಗಳ ಬಳಿಕ ಸೆಲ್ಸ್ಕಿಯು ಒಲಿಂಪಿಕ್ ಕೂಟದಲ್ಲಿ ಎರಡು ಕಂಚಿನ ಪದಕಗಳನ್ನು ಗೆದ್ದನು. ಐದು ಚಿನ್ನವನ್ನು ತನಗಾಗಿ ಗೆದ್ದುದು ದೊಡ್ಡದೋ, ಇನ್ನೊಬ್ಬನು ಮತ್ತೆ ಎದ್ದು ನಿಲ್ಲುವಂತೆ ಮಾಡಿದುದು ದೊಡ್ಡದೋ? ಲೋಕವು ಮೊದಲನೆಯದನ್ನು ಎಣಿಸುತ್ತದೆ. ಎರಡನೆಯದರ ಲೆಕ್ಕವನ್ನು ಇಡುವವನು ಬೇರೆ ಇದ್ದಾನೆ.

ಇನ್ನು ಪೂರ್ವಪಕ್ಷವನ್ನು ಪರಿಹರಿಸಬೇಕು. ಮೊದಲನೆಯ ಆಕ್ಷೇಪವೇನೆಂದರೆ, ಇವರೆಲ್ಲ ಅನುಕೂಲವಂತರ ಮಕ್ಕಳು. ತಂದೆಯು ಶಸ್ತ್ರವೈದ್ಯ, ಹಿತ್ತಲಿನಲ್ಲಿ ಆಟದ ಕಣ, ಗಾಯವಾದರೆ ಸಮುದ್ರ ದಾಟಿ ಬಂದು ಕಟ್ಟುವ ಕೈ. ಮೆಕ್ಕೆಜೋಳದ ಬೆಲೆ ಬಿದ್ದರೆ ಆ ವರುಷದ ಫೀಜನ್ನೇ ಕಟ್ಟಲಾರದ ಒಕ್ಕಲಿಗನ ಮಗಳಿಗೆ ಈ ಮಾತು ಹೇಗೆ ಹೊಂದೀತು? ಈ ಆಕ್ಷೇಪವು ನಿಜವಾದುದು. ಇದನ್ನು ತಳ್ಳಿಹಾಕುವುದು ಅಪ್ರಾಮಾಣಿಕವಾದೀತು. ಸಮಾನ ಶಕ್ತಿಯ ಇಬ್ಬರು ಬಾಲಕಿಯರಲ್ಲಿ ಒಬ್ಬಳಿಗೆ ಎರಡು ದಾರಿಗಳೂ ತೆರೆದಿದ್ದು, ಇನ್ನೊಬ್ಬಳಿಗೆ ಒಂದೂ ತೆರೆಯದೆ ಇರುವುದು ಸಮಾಜದ ಕೊರತೆ. ಆದರೆ ಈ ಕೊರತೆಯು ನಮ್ಮ ಮೇಲಿನ ಹೊಣೆಯನ್ನು ಹೆಚ್ಚಿಸುತ್ತದೆಯೇ ಹೊರತು ಕಡಮೆ ಮಾಡುವುದಿಲ್ಲ. ದಾಸೋಹವೆಂದರೆ ಅನ್ನದಾಸೋಹವೊಂದೇ ಅಲ್ಲ. ಊರಿನ ಬಯಲನ್ನು ಕಸದ ಗುಂಡಿಯಾಗಲು ಬಿಡದೆ ಮಕ್ಕಳಿಗಾಗಿ ಉಳಿಸುವುದು ದಾಸೋಹ. ಓಡುವ ಹುಡುಗಿಗೆ ಒಂದು ಜೊತೆ ಪಾದರಕ್ಷೆಯನ್ನು ಕೊಡಿಸುವುದು ದಾಸೋಹ. ನಸುಕಿನಲ್ಲಿ ಆಕೆ ಒಬ್ಬಳೇ ಓಡಲು ಅಂಜಿದರೆ ಜೊತೆಗೆ ನಾಲ್ಕು ಮಂದಿ ಹಿರಿಯರು ನಡೆಯಲು ಹೊರಡುವುದೂ ದಾಸೋಹವೇ.

ಎರಡನೆಯ ಆಕ್ಷೇಪವು ಇನ್ನೂ ಸೂಕ್ಷ್ಮವಾದುದು. ಆಟವನ್ನು ಬಿಟ್ಟು ವೈದ್ಯವನ್ನು ಹಿಡಿದುದರಲ್ಲಿ ತ್ಯಾಗವೇನು? ವೈದ್ಯವೃತ್ತಿಯಲ್ಲಿಯೂ ಹಣವುಂಟು, ಕೀರ್ತಿಯುಂಟು; ಒಂದು ಸಿಂಹಾಸನದಿಂದಿಳಿದು ಇನ್ನೊಂದನ್ನು ಏರಿದಂತಾಯಿತಲ್ಲವೆ? ಇದಕ್ಕೆ ಸಮಾಧಾನವಿಷ್ಟೆ. ವೈದ್ಯವು ತನ್ನಷ್ಟಕ್ಕೆ ಕಾಯಕವಲ್ಲ. ರೋಗಿಯ ಕೈಯ ನಾಡಿಯನ್ನು ಹಿಡಿಯುವ ಮೊದಲು ಅವನ ಕಿಸೆಯನ್ನು ನೋಡುವವನು ಬಿಳಿಯ ಅಂಗಿ ತೊಟ್ಟ ವ್ಯಾಪಾರಿಯೇ ಸರಿ. ಹಾಗೆಯೇ ಆಟವು ತನ್ನಷ್ಟಕ್ಕೆ ವ್ಯಸನವೂ ಅಲ್ಲ. ಮಾಡುವ ಕೆಲಸದಲ್ಲಿ ವಂಚನೆಯಿಲ್ಲದಿರುವುದು, ಫಲವು ಬಂದಾಗ ಸಾಕೆನ್ನುವ ಧೈರ್ಯವಿರುವುದು, ತನಗೆ ದೊರೆತ ಬಲವನ್ನು ಪರರ ಕಡೆಗೆ ತಿರುಗಿಸುವುದು, ಈ ಮೂರು ಸೇರಿದಲ್ಲಿ ಯಾವ ಕೆಲಸವಾದರೂ ಕಾಯಕವಾಗುತ್ತದೆ. ಈ ಮೂರು ಇಲ್ಲದಲ್ಲಿ ಪೂಜೆಯೂ ಬರಿಯ ಕಸರತ್ತಾಗುತ್ತದೆ. ಆಲ್‌ಬ್ರೈಟ್ ಅವರು ಆಟವನ್ನು ಬಿಟ್ಟು ವೈದ್ಯರಾದುದರಿಂದ ಆ ಆಟವು ಕಾಯಕವಾಯಿತೆಂದು ನಾನು ಹೇಳುವುದಿಲ್ಲ. ಅಳಿದುಹೋಗುವ ಗೆರೆಯನ್ನು ತಪ್ಪಿಲ್ಲದೆ ಎಳೆಯುತ್ತಿದ್ದಾಗಲೇ ಅದು ಕಾಯಕವಾಗಿದ್ದಿತು. ಮುಂದಿನ ಬಾಳು ಅದನ್ನು ಮುರಿಯಲಿಲ್ಲ, ಮುಂದುವರಿಸಿತು.

ಈಗ ನನ್ನ ತಪ್ಪು ನನಗೆ ಸ್ಪಷ್ಟವಾಗಿದೆ. ಓದು ಮತ್ತು ಓಟ ಎರಡು ದೋಣಿಗಳೆಂದು ನಾನು ಆ ಒಕ್ಕಲಿಗನಿಗೆ ಹೇಳಿದೆನು. ಅವು ಎರಡು ದೋಣಿಗಳಲ್ಲ. ಒಂದೇ ದೋಣಿಯ ಎರಡು ಹುಟ್ಟುಗಳು. ಒಂದನ್ನು ನೀರಿಗೆಸೆದು ಇನ್ನೊಂದನ್ನು ಬಲವಾಗಿ ಹಾಕು ಎಂದರೆ ದೋಣಿಯು ಇದ್ದಲ್ಲಿಯೇ ಸುತ್ತುವುದು. ಆ ಬಾಲಕಿಯು ಪರೀಕ್ಷೆಯಲ್ಲಿ ಗೆಲ್ಲಲಿಲ್ಲವೆಂಬುದು ನನ್ನ ದುಃಖವಲ್ಲ. ಓಡುತ್ತಲೇ ಇದ್ದಿದ್ದರೂ ಆಕೆ ಗೆಲ್ಲುತ್ತಿದ್ದಳೆಂದು ಯಾರು ಹೇಳಬಲ್ಲರು? ಬೆಟ್ಟವನ್ನು ಏರುವ ಸಂತೋಷವನ್ನು ಆಕೆಗೆ ಯಾವ ಪರೀಕ್ಷೆಯೂ ಕೊಟ್ಟಿರಲಿಲ್ಲ. ಅದು ಪ್ರಸಾದವಾಗಿ ಬಂದಿದ್ದಿತು. ಪ್ರಸಾದವನ್ನು ಕೈಯಿಂದ ಕೆಳಗೆ ಬೀಳಿಸಿದವನು ನಾನು.

ಗೃಹಸ್ಥರಾದ ಶರಣಬಂಧುಗಳಲ್ಲಿ ನನ್ನ ವಿಜ್ಞಾಪನೆಯಿಷ್ಟೆ. ಮಕ್ಕಳು ಆಡುವಾಗ ಹೊಟ್ಟೆ ತುಂಬುವುದೇ ಎಂದು ಕೇಳಬೇಡಿ. ಶುದ್ಧವಾಗಿ ಆಡುತ್ತಿರುವೆಯಾ ಎಂದು ಕೇಳಿರಿ. ಗೆದ್ದು ಬಂದರೆ ಮತ್ತೆ ಗೆಲ್ಲು ಎನ್ನುವ ಮೊದಲು, ಸೋತವಳ ಕೈ ಹಿಡಿದು ಎತ್ತಿದೆಯಾ ಎಂದು ಕೇಳಿರಿ. ವೈದ್ಯರಾಗಲಿ ಎಂದು ಹರಸುವುದಾದರೆ, ಯಾರ ನೋವನ್ನು ಕಳೆಯಲು ಎಂಬುದನ್ನೂ ಆ ಹರಕೆಯೊಡನೆ ಸೇರಿಸಿರಿ.

ಬರುವ ಭರತ ಹುಣ್ಣಿಮೆಗೆ ಬೆಟ್ಟವನ್ನೇರಲು ಆ ಹುಡುಗಿಯನ್ನು ಕರೆಯಬೇಕೆಂದಿದ್ದೇನೆ. ಬಂದರೆ, ನಾನು ಹೇಳಬಾರದಿದ್ದ ಮಾತನ್ನು ಹೇಳಿದೆನೆಂದು ಆಕೆಯ ಮುಂದೆಯೇ ಒಪ್ಪಿಕೊಳ್ಳುವೆನು. ಈ ವಯಸ್ಸಿನಲ್ಲಿ ನಾನು ನಿಂತು ನಿಂತು ಏರುವವನು. ಆಕೆ ನನಗಾಗಿ ಕಾಯದೆ ಮುಂದೆ ಹೋಗಲಿ.